ಊರಿಗೆ ಬಂದವರು ನೀರಿಗೆ ಬಾರದಿರುವರೇ?

ಮಗಳ ಪ್ರಥಮ ಪರಮಪ್ರಸಾದ ಸ್ವೀಕಾರಕ್ಕೆ ಬಿಳಿ ಬಟ್ಟೆ ಕೊಳ್ಳಲು ಕಮರ್ಷಿಯಲ್ ಸ್ಟ್ರೀಟಿಗೆ ಹೋಗಿದ್ದೆ. ಅಂಗಡಿಯಲ್ಲಿ ಥಾನು ಬಿಚ್ಚಿ ತೋರಿಸುತ್ತಿದ್ದ ಹುಡುಗ ನನ್ನ ಮುಖವನ್ನು ಎರಡು ಮೂರು ಸಲ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ: "ಮೇಡಂ, ನೀವು ಆ ಚರ್ಚಿಗೆ ಬರ್ತೀರಲ್ವಾ? ನಾನೂ ಬರ್ತಿದ್ದೆ."

ಅವನದು ಜಾರ್ಖಂಡಿನ ಗುಮ್ಲಾ ಕಡೆಯ ಹಳ್ಳಿ. ಅಲ್ಲಿ ತಾತನ ಕಾಲದಿಂದಲೂ ಅವರು ಕ್ರೈಸ್ತರು. ಬೆಂಗಳೂರಿಗೆ ಬಂದು ವರ್ಷವಾಗಿತ್ತು. ನಮ್ಮ ದೇವಾಲಯಕ್ಕೆ ನಾಲ್ಕು ತಿಂಗಳು ಪ್ರತಿ ಭಾನುವಾರ ಬಂದಿದ್ದನಂತೆ. "ಈಗ ಯಾಕಪ್ಪಾ ಬರೋದಿಲ್ಲ?" ಎಂದೆ. ಅವನು ನಕ್ಕು ಬಟ್ಟೆ ಅಳೆಯತೊಡಗಿದ. ಆಗ ನನಗೆ ನೆನಪಾಯಿತು.

ಒಂದು ಭಾನುವಾರ ಅವನು ಮುಂದಿನಿಂದ ಮೂರನೆಯ ಬೆಂಚಿನಲ್ಲಿ ಕುಳಿತಿದ್ದ. ನಮ್ಮ ಧರ್ಮಕೇಂದ್ರದ ಹಿರಿಯ ತಾಯಿಯೊಬ್ಬರು ಬಂದು, "ಅಪ್ಪಾ, ಇದು ನಮ್ಮ ಜಾಗ, ಹಿಂದೆ ಹೋಗು" ಎಂದರು. ಅವನು ಎದ್ದು ಹಿಂದಕ್ಕೆ ಹೋದ. ಆ ತಾಯಿ ಕೆಟ್ಟವರಲ್ಲ. ಗಂಡ ಬದುಕಿದ್ದಾಗ ಇಬ್ಬರೂ ಅದೇ ಬೆಂಚಿನಲ್ಲಿ ಕೂರುತ್ತಿದ್ದರು. ಅವರ ಪಕ್ಕದಲ್ಲಿಯೇ ಇದ್ದ ನಾನು ಎಲ್ಲವನ್ನೂ ನೋಡಿದೆ, ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ನಂತರ ಗುರುಗಳು, ಪರಸ್ಪರ ಶಾಂತಿಯನ್ನು ಹಂಚಿಕೊಳ್ಳಿರಿ ಎಂದಾಗ ನಾವೆಲ್ಲರೂ ಅಕ್ಕಪಕ್ಕದವರಿಗೆ ಕೈಮುಗಿದೆವು. ಅವನಿಗೆ ಯಾರು ಮುಗಿದರೋ ತಿಳಿಯದು.

ಅಂದು ಅಂಗಡಿಯಲ್ಲಿ ನನ್ನನ್ನು ಹೆಚ್ಚು ಚುಚ್ಚಿದ ಸಂಗತಿ ಬೇರೆಯೇ ಇತ್ತು. ಆ ಹುಡುಗ ನನ್ನೊಡನೆ ಮಾತನಾಡಿದ್ದು ಕನ್ನಡದಲ್ಲಿ. ತಡವರಿಸುವ ಕನ್ನಡ, ಆದರೂ ಕನ್ನಡ. ಅದನ್ನು ಅವನಿಗೆ ಕಲಿಸಿದ್ದು ಅಂಗಡಿ. ನಾಲ್ಕು ತಿಂಗಳಲ್ಲಿ ನಮ್ಮ ಧರ್ಮಕೇಂದ್ರ ಅವನ ಹೆಸರನ್ನೂ ಕೇಳಿರಲಿಲ್ಲ.

ಪ್ರಿಯ ಓದುಗರೇ, ಊರಿಗೆ ಹೊಸದಾಗಿ ಬಂದವರೂ ಬಹುಕಾಲದಿಂದ ಇದ್ದವರೂ ಹೇಗೆ ಕೂಡಿ ಬಾಳಬೇಕೆಂಬುದು ಈ ವಾರದ ಪಾಠ. ಇದನ್ನು ಬೇರೆಯವರ ವಿಷಯವೆಂದು ಓದದೆ, ನಮ್ಮ ಮನೆಯ ವಿಷಯವೆಂದೇ ಓದೋಣ.

ಈ ಬೀದಿಯಲ್ಲಿ ಮೊದಲಿಗರು ಯಾರು?

ಕಮರ್ಷಿಯಲ್ ಸ್ಟ್ರೀಟಿನಲ್ಲಿ ಹತ್ತು ಹೆಜ್ಜೆ ನಡೆದರೆ ಐದು ಭಾಷೆಗಳು ಕಿವಿಗೆ ಬೀಳುತ್ತವೆ. ಕನ್ನಡ, ತಮಿಳು, ಉರ್ದು, ಇಂಗ್ಲಿಷು, ಹಿಂದಿ. ಕೆಲವು ಅಂಗಡಿಗಳ ಗಲ್ಲಾಪೆಟ್ಟಿಗೆಯ ಬಳಿ ಸಿಂಧಿ, ಗುಜರಾತಿ, ಮಾರವಾಡಿ ಮಾತುಗಳೂ ಕೇಳಿಸುತ್ತವೆ. ಅಕ್ಕಪಕ್ಕದ ಬೀದಿಗಳ ಹೆಸರು ನೋಡಿರಿ: ನಾರಾಯಣ ಪಿಳ್ಳೆ ಬೀದಿ, ಇಬ್ರಾಹಿಂ ಸಾಹೇಬ್ ಬೀದಿ, ಜ್ಯುವೆಲರ್ಸ್ ಸ್ಟ್ರೀಟ್. ಇವರೆಲ್ಲ ಎಲ್ಲಿಂದ ಬಂದರು?

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರ ಸೈನ್ಯ ಅಲ್ಲಿಯೇ ಬೀಡುಬಿಟ್ಟಿತ್ತು. ಅಲ್ಲಿನ ಜ್ವರ ತಾಳಲಾರದೆ 1809ರಲ್ಲಿ ದಂಡನ್ನು ಬೆಂಗಳೂರಿಗೆ ತಂದರು. ಹಳೆಯ ಪೇಟೆಯ ಪೂರ್ವಕ್ಕೆ ಹೊಸ ಊರು ಎದ್ದಿತು. ಕನ್ನಡಿಗರು ಅದನ್ನು ಇಂದಿಗೂ 'ದಂಡು' ಎನ್ನುತ್ತಾರೆ. ದಂಡಿನೊಡನೆ ಸಿಪಾಯಿಗಳು, ಅಡುಗೆಯವರು, ದರ್ಜಿಗಳು, ಕುದುರೆ ನೋಡಿಕೊಳ್ಳುವವರು, ಗುತ್ತಿಗೆದಾರರು, ವ್ಯಾಪಾರಿಗಳು ಬಂದರು. ಬಹುಪಾಲು ಮಂದಿ ಮದರಾಸು ಪ್ರಾಂತ್ಯದ ಕಡೆಯವರು. 1864ರಲ್ಲಿ ಜೋಲಾರಪೇಟೆಯಿಂದ ದಂಡಿನವರೆಗೆ ರೈಲು ಬಂದ ಮೇಲೆ ಬರುವವರಿಗೆ ದಾರಿ ಇನ್ನೂ ಸುಲಭವಾಯಿತು. 1947ರಲ್ಲಿ ದೇಶ ಇಬ್ಭಾಗವಾದಾಗ ಮನೆಮಾರು ಕಳೆದುಕೊಂಡ ಸಿಂಧಿ ಕುಟುಂಬಗಳು ಬಂದು ಈ ಬೀದಿಯಲ್ಲಿ ಬಟ್ಟೆಯಂಗಡಿ ಇಟ್ಟವು.

ಇಲ್ಲಿ ಒಂದು ಮಾತನ್ನು ಮರೆಯಬಾರದು. ದಂಡು ಇಳಿದ ನೆಲ ಬರಿದಾಗಿರಲಿಲ್ಲ. ಹಲಸೂರು ದಂಡಿಗಿಂತ ಬಹಳ ಹಳೆಯ ಊರು. ಸುತ್ತಲೂ ಹಳ್ಳಿಗಳಿದ್ದವು, ಕೆರೆಗಳಿದ್ದವು, ರಾಗಿ ಬೆಳೆಯುವ ರೈತರಿದ್ದರು. ಹೊಸ ಊರು ಬೆಳೆದಂತೆಲ್ಲ ಆ ಹಳ್ಳಿಗಳು ಅದರೊಳಗೆ ಕರಗಿಹೋದವು. 'ನಾವೆಲ್ಲರೂ ಬಂದವರೇ, ಇಲ್ಲಿ ಯಾರದೂ ಏನಿಲ್ಲ' ಎಂದು ಸುಲಭವಾಗಿ ಹೇಳಿಬಿಟ್ಟರೆ ಆ ರೈತನಿಗೆ ಅನ್ಯಾಯ ಮಾಡಿದಂತೆ.

ಪೇಟೆ ಮತ್ತು ದಂಡು ಬಹುಕಾಲ ಎರಡು ಬೇರೆ ಊರುಗಳಂತೆಯೇ ಇದ್ದವು. 1881ರಲ್ಲಿ ಮೈಸೂರು ಸಂಸ್ಥಾನವನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ ಬ್ರಿಟಿಷರು ದಂಡನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡರು. 1947ರ ಜುಲೈ 26ರಂದು ಅದು ಮೈಸೂರಿಗೆ ಮರಳಿತು. 1949ರಲ್ಲಿ ಎರಡೂ ಕಡೆಯ ಪೌರಾಡಳಿತ ಸೇರಿ ಒಂದೇ ಕಾರ್ಪೊರೇಷನ್ ಆಯಿತು. ಕಾಗದದ ಮೇಲೆ ಒಂದಾದುದು ಮನಸ್ಸಿನಲ್ಲಿ ಒಂದಾಗಲು ಹೆಚ್ಚು ಕಾಲ ಬೇಕು. ಇಂದಿಗೂ ನಮ್ಮ ಅನೇಕ ಜಗಳಗಳ ಬೇರು ಆ ಎರಡು ಊರುಗಳ ನಡುವಿನ ಅಂತರದಲ್ಲಿದೆ.

ನಮ್ಮ ದೇವಾಲಯಗಳೂ ವಲಸೆಯ ಮಕ್ಕಳೇ

ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕವನ್ನು ಅರಿಯದವರಿಲ್ಲ. ಆ ಪ್ರದೇಶದ ಹಳೆಯ ಹೆಸರು ಬ್ಲಾಕ್‌ಪಳ್ಳಿ. ಸೆಂಜಿಯ ಕಡೆಯಿಂದ ಬಂದ ಕ್ರೈಸ್ತ ರೈತರು ಅಲ್ಲಿ ಬಿಳಿ ಅಕ್ಕಿ ಬೆಳೆಯುತ್ತಿದ್ದರು, 'ಬಿಳಿ ಅಕ್ಕಿ ಪಳ್ಳಿ' ಎಂಬುದೇ ಆ ಹೆಸರಾಯಿತು ಎಂದು ಹಿರಿಯರು ಹೇಳುವುದುಂಟು. ಅಲ್ಲಿ ಮೊದಲ ಹುಲ್ಲಿನ ಗುಡಿಯನ್ನು ಕಟ್ಟಿದವರೆಂದು ಹೇಳಲಾಗುವ ಅಬ್ಬೆ ದುಬಾಯ್ ಸಹ ಬಂದವರೇ, ಫ್ರಾನ್ಸ್ ದೇಶದವರು. ಮೈಸೂರು ಸೀಮೆಯಲ್ಲಿ ಜನರ ಉಡುಗೆ ಉಟ್ಟು, ಜನರ ಊಟ ಉಂಡು, ಸಿಡುಬಿನ ವಿರುದ್ಧ ಲಸಿಕೆ ಹಾಕಿಸುವ ಕೆಲಸಕ್ಕೂ ಕೈಹಾಕಿದರು. ಈಗಿನ ದೇವಾಲಯ 1882ರಲ್ಲಿ ಅಭಿಷೇಕಗೊಂಡಿತು. ಅದು ಕಿರು ಬಸಿಲಿಕದ ಪದವಿ ಪಡೆದದ್ದು 1970ರ ದಶಕದಲ್ಲಿ.

ಆಗಸ್ಟ್ 29ರಂದು ಧ್ವಜಾರೋಹಣವಾಗಿ ಸೆಪ್ಟೆಂಬರ್ 8ರ ತೇರಿನವರೆಗೆ ಅಲ್ಲಿ ಸೇರುವ ಜನರನ್ನು ನೋಡಿರಿ. ಕಾವಿ ಉಟ್ಟು ಹರಕೆ ತೀರಿಸುವವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರೂ ಬರುತ್ತಾರೆ. ಅಲ್ಲಿ ಮೇಣದಬತ್ತಿ ಹಚ್ಚಲು ಬಂದವರನ್ನು 'ನೀವು ಎಲ್ಲಿಯವರು?' ಎಂದು ಯಾರೂ ಕೇಳುವುದಿಲ್ಲ. ಹಾಗಾದರೆ ವರ್ಷದ ಉಳಿದ ದಿನಗಳಲ್ಲಿ ಆ ಪ್ರಶ್ನೆ ನಮ್ಮ ಬಾಯಿಗೆ ಏಕೆ ಬರುತ್ತದೆ?

ಇನ್ನೂ ಹಿಂದಕ್ಕೆ ಹೋದರೆ, 17ನೆಯ ಶತಮಾನದಲ್ಲಿ ಇಟಲಿಯಿಂದ ಮೈಸೂರು ಸೀಮೆಗೆ ಬಂದ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿ ಮೊದಲು ಮಾಡಿದ ಕೆಲಸಗಳಲ್ಲಿ ಒಂದು ಕನ್ನಡ ಕಲಿಯುವುದು. ಕಲಿತು, ಮುಂದೆ ಬರುವವರಿಗೆ ನೆರವಾಗಲೆಂದು ಕನ್ನಡದ ವ್ಯಾಕರಣವನ್ನೂ ಬರೆದರು. 1894ರಲ್ಲಿ ದೊಡ್ಡ ಕನ್ನಡ ನಿಘಂಟನ್ನು ಹೊರತಂದ ಕಿಟ್ಟೆಲರೂ ಜರ್ಮನಿಯಿಂದ ಬಂದವರು. ಈ ನಾಡಿನವರು ಅವರನ್ನು ಹೊರಗಿನವರೆಂದು ನೆನೆಯುವುದಿಲ್ಲ. ಬಂದವರು ನೆಲದ ಮಾತನ್ನು ಕಲಿತಾಗ ಅವರನ್ನು ಪರಕೀಯರೆನ್ನಲು ಯಾರಿಗೂ ಮನಸ್ಸು ಬಾರದು.

ನೀರಿನ ಪಾಠ

'ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ' ಎಂಬುದು ನಮ್ಮ ಗಾದೆ. ಮನೆಯಲ್ಲಿ ಎಷ್ಟು ದಿನ ಬಾಗಿಲು ಹಾಕಿಕೊಂಡಿದ್ದರೂ ಒಂದು ದಿನ ಬಾವಿಯ ಬಳಿ ಎಲ್ಲರೂ ಎದುರಾಗಲೇಬೇಕು.

ನಗರದ ಪೂರ್ವಭಾಗದವರಿಗೆ ಈ ಗಾದೆ ಬರಿಯ ಮಾತಲ್ಲ. ಕೃಷ್ಣರಾಜಪುರದ ಕಡೆ 1948ರಲ್ಲಿ ದೂರವಾಣಿ ಕಾರ್ಖಾನೆ ಐ.ಟಿ.ಐ. ಆರಂಭವಾದಾಗ ದೂರದೂರದಿಂದ ಕಾರ್ಮಿಕರು ಬಂದರು. ಅದಕ್ಕೂ ಮುಂಚೆ, 1940ರಲ್ಲಿ ಆರಂಭವಾದ ವಿಮಾನ ಕಾರ್ಖಾನೆ ಎಚ್.ಎ.ಎಲ್. ಸಹ ಹಾಗೆಯೇ ಜನರನ್ನು ಕರೆತಂದಿತ್ತು. ಆಮೇಲೆ ಕಂಪ್ಯೂಟರ್ ಕಂಪನಿಗಳ ಕಾಲ ಬಂತು. 2001ರ ಜನಗಣತಿಯಲ್ಲಿ ಸುಮಾರು 65 ಲಕ್ಷವಿದ್ದ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2011ರಲ್ಲಿ ಸುಮಾರು 96 ಲಕ್ಷವಾಯಿತು. ಹತ್ತೇ ವರ್ಷಗಳಲ್ಲಿ 31 ಲಕ್ಷ! ಕನ್ನಡವನ್ನು ಮಾತೃಭಾಷೆ ಎಂದು ಬರೆಸಿದವರು ಆ ಜಿಲ್ಲೆಯಲ್ಲಿ ಅರ್ಧಕ್ಕಿಂತ ಕಡಿಮೆ. ಹೀಗಿರುವಾಗ ಊರಿನ ಹಳಬರ ಮನಸ್ಸಿನಲ್ಲಿ ಅಳುಕು ಹುಟ್ಟಿದರೆ ಅದನ್ನು ಸಂಕುಚಿತ ಬುದ್ಧಿ ಎಂದು ತಳ್ಳಿಹಾಕುವುದು ತಪ್ಪು. ತಮ್ಮ ಊರಿನಲ್ಲಿ ತಮ್ಮ ಮಾತು ಕೇಳಿಸದಾದೀತೆಂಬ ನೋವು ನಿಜವಾದ ನೋವು.

2007ರಲ್ಲಿ ಸುತ್ತಲಿನ 110 ಹಳ್ಳಿಗಳು ನಗರ ಪಾಲಿಕೆಗೆ ಸೇರಿದವು. ಅವುಗಳಿಗೆ ಕಾವೇರಿ ನೀರು ತಲುಪಿಸುವ ಐದನೆಯ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ನಡುವಿನ 17 ವರ್ಷಗಳಲ್ಲಿ ಹೊಲ ಮಾರಿದ ಹಳಬನೂ ಸಾಲ ಮಾಡಿ ಫ್ಲ್ಯಾಟ್ ಕೊಂಡ ಹೊಸಬನೂ ಒಂದೇ ಟ್ಯಾಂಕರಿಗಾಗಿ ಕಾದರು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ, 'ಇವರು ಬಂದೇ ನೀರು ಹೋಯಿತು' ಎಂದು ಹಳಬರು ಹೇಳಿದರು. 'ನಾವು ತೆರಿಗೆ ಕಟ್ಟುವುದಿಲ್ಲವೇ?' ಎಂದು ಹೊಸಬರು ಕೇಳಿದರು. ಇಬ್ಬರ ಮಾತಿನಲ್ಲಿಯೂ ಸ್ವಲ್ಪ ಸತ್ಯವಿತ್ತು. ಆದರೆ ಬೈದಾಟದಿಂದ ಯಾರ ಬಿಂದಿಗೆಯೂ ತುಂಬಲಿಲ್ಲ.

ಯೇಸುಸ್ವಾಮಿ ಸಮಾರಿಯದಲ್ಲಿ ಯಕೋಬನ ಬಾವಿಯ ಬಳಿ ಕುಳಿತ ಪ್ರಸಂಗವನ್ನು ನೆನೆಯೋಣ (ಯೊವಾನ್ನ 4:1-42). ಆ ಊರಿಗೆ ಸ್ವಾಮಿಯೇ ಹೊಸಬರು. ಬಾವಿ ಸಮಾರಿಯದವರದು. ಯೆಹೂದ್ಯರಿಗೂ ಸಮಾರಿಯದವರಿಗೂ ಹೊಕ್ಕುಬಳಕೆ ಇರಲಿಲ್ಲ. ಸ್ವಾಮಿ ಬೋಧನೆಯಿಂದ ಆರಂಭಿಸಲಿಲ್ಲ, ಕುಡಿಯಲು ನೀರು ಕೇಳಿದರು. ತನ್ನ ಬಳಿ ಬಿಂದಿಗೆಯಿಲ್ಲ, ಹಗ್ಗವಿಲ್ಲ, ನಿನ್ನ ನೆರವು ಬೇಕು ಎಂದು ಒಪ್ಪಿಕೊಂಡರು. ಆ ಮಹಿಳೆಯೂ ಮೊದಲು ಅಚ್ಚರಿಪಟ್ಟು, ವಾದಿಸಿ, ಆಮೇಲೆ ಊರವರನ್ನೇ ಕರೆತಂದಳು. ಊರವರು ಸ್ವಾಮಿಯನ್ನು ತಮ್ಮಲ್ಲಿ ಉಳಿಯುವಂತೆ ಬೇಡಿಕೊಂಡರು. ಅವರು ಎರಡು ದಿನ ಉಳಿದರು.

ಇಲ್ಲಿ ಬಂದವರಿಗೂ ಪಾಠವಿದೆ, ಇದ್ದವರಿಗೂ ಇದೆ. ಬಂದವರು ವಿನಯದಿಂದ ಕೇಳಬೇಕು. ಇದ್ದವರು ಕೇಳಿದವರನ್ನು ಹಿಂದಕ್ಕೆ ಕಳಿಸದೆ ಮಾತಿಗೆ ನಿಲ್ಲಬೇಕು.

ಬಡಿಸುವ ಕೈ ಯಾರದು?

ಧರ್ಮಸಭೆಯೊಳಗಿನ ಜಗಳವನ್ನು ಮುಚ್ಚಿಟ್ಟು ಈ ಪಾಠವನ್ನು ಮುಗಿಸುವುದು ಪ್ರಾಮಾಣಿಕತೆಯಲ್ಲ. ಬಲಿಪೂಜೆ ಲತೀನ್ ಭಾಷೆಯಲ್ಲಿದ್ದಾಗ ಅದು ಯಾರ ಮನೆಮಾತೂ ಆಗಿರಲಿಲ್ಲ. 1962ರಿಂದ 1965ರವರೆಗೆ ನಡೆದ ಎರಡನೆಯ ವತಿಕನ್ ಮಹಾಸಭೆ ದೇಶಭಾಷೆಗಳಿಗೆ ಬಾಗಿಲು ತೆರೆದ ಮೇಲೆ, ಬೆಂಗಳೂರಿನಲ್ಲಿ 'ಯಾವ ಭಾಷೆ, ಎಷ್ಟು ಪೂಜೆ, ಯಾವ ಹೊತ್ತಿಗೆ?' ಎಂಬ ಪ್ರಶ್ನೆ ಎದ್ದಿತು. ಕನ್ನಡ, ತಮಿಳು, ಇಂಗ್ಲಿಷ್, ಮಲಯಾಳಂ, ಕೊಂಕಣಿ, ತೆಲುಗು ಎಲ್ಲವೂ ನಮ್ಮ ಜನರ ಮನೆಮಾತುಗಳೇ. ಈ ವಾದದಲ್ಲಿ ಅನೇಕರು ನೊಂದಿದ್ದಾರೆ, ಸಂಬಂಧಗಳು ಮುರಿದಿವೆ.

ಆದಿ ಧರ್ಮಸಭೆಯಲ್ಲಿಯೂ ಇಂಥದೇ ಜಗಳ ಹುಟ್ಟಿತ್ತು (ಪ್ರೇಷಿತರ ಕಾರ್ಯಕಲಾಪಗಳು 6:1-6). ದಿನನಿತ್ಯದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂದು ಗ್ರೀಕ್ ಮಾತನಾಡುವವರು ಗೊಣಗಿದರು. ಪ್ರೇಷಿತರು 'ಮೊದಲು ನಮ್ಮ ಭಾಷೆ ಕಲಿತು ಬನ್ನಿ' ಎನ್ನಲಿಲ್ಲ. 'ನೀವು ಬೇರೆ ಸಭೆ ಕಟ್ಟಿಕೊಳ್ಳಿ' ಎಂದೂ ಹೇಳಲಿಲ್ಲ. ಎಲ್ಲರನ್ನೂ ಕರೆದು, ಏಳು ಮಂದಿಯನ್ನು ಆರಿಸಲು ಹೇಳಿದರು. ಆರಿಸಿದ ಏಳು ಹೆಸರುಗಳನ್ನು ಓದಿರಿ: ಸ್ತೇಫನ, ಫಿಲಿಪ ಮೊದಲುಗೊಂಡು ಏಳೂ ಗ್ರೀಕ್ ಹೆಸರುಗಳು. 'ಬಡಿಸುವವರು ನಮ್ಮವರಾದರೆ ಎಲ್ಲಿ ಕುಳಿತರೇನು' ಎಂದು ನಾವು ಹೇಳುತ್ತೇವಲ್ಲವೇ? ಆ ಸಭೆ ನೊಂದವರ ಕೈಗೇ ಸೌಟು ಕೊಟ್ಟಿತು. ಆದರೆ ನೆನಪಿರಲಿ, ಆ ಏಳು ಮಂದಿ ಬಡಿಸಬೇಕಾದದ್ದು ತಮ್ಮವರಿಗೆ ಮಾತ್ರವಲ್ಲ, ಇಡೀ ಪಂಕ್ತಿಗೆ.

ಇದನ್ನು ನಮ್ಮ ಊರಿಗೆ ಅನ್ವಯಿಸಿದರೆ ಎರಡು ಮಾತುಗಳು ಸ್ಪಷ್ಟವಾಗುತ್ತವೆ. ಕನ್ನಡ ನಾಡಿನ ಧರ್ಮಸಭೆಯಲ್ಲಿ ಕನ್ನಡಕ್ಕೆ ಗೌರವದ ಸ್ಥಾನ ಬೇಕೆಂದು ಕೇಳುವುದು ನ್ಯಾಯ, ಅದು ದ್ವೇಷವಲ್ಲ. ಹಾಗೆಯೇ ಊರು ಬಿಟ್ಟು ಬಂದವನು ತನ್ನ ತಾಯಿ ಕಲಿಸಿದ ಮಾತಿನಲ್ಲಿ ಪಾಪನಿವೇದನೆ ಮಾಡಲು ಬಯಸುವುದೂ ನ್ಯಾಯ, ಅದು ಅಹಂಕಾರವಲ್ಲ. 12ನೆಯ ಭಕ್ತಿನಾಥ ಪಿಯೂಸ್ ಪೋಪ್ ಜಗದ್ಗುರುಗಳು 1952ರಲ್ಲಿ ವಲಸೆಗಾರರ ಕುರಿತು ಹೊರಡಿಸಿದ 'ಎಕ್ಸುಲ್ ಫಮಿಲಿಯ' ಎಂಬ ಪತ್ರದಲ್ಲಿ, ಈಜಿಪ್ಟಿಗೆ ಓಡಿಹೋದ ನಜರೇತಿನ ಪವಿತ್ರ ಕುಟುಂಬವನ್ನೇ ಎಲ್ಲ ವಲಸೆ ಕುಟುಂಬಗಳಿಗೆ ಮಾದರಿಯಾಗಿ ತೋರಿಸಿದರು. ಬಂದವರ ಆತ್ಮಹಿತವನ್ನು ಅವರ ಭಾಷೆ ಬಲ್ಲ ಗುರುಗಳು ನೋಡಿಕೊಳ್ಳಬೇಕೆಂದರು.

ಬಂದವರಿಗೂ ಕರ್ತವ್ಯವಿದೆ. ಬಾಬಿಲೋನಿಗೆ ಒಯ್ಯಲ್ಪಟ್ಟ ಜನರಿಗೆ ಪ್ರವಾದಿ ಯೆರೆಮೀಯನು ಬರೆದದ್ದೇನು? ಅಲ್ಲಿ ಮನೆ ಕಟ್ಟಿ, ತೋಟ ಮಾಡಿ, ಆ ಊರಿನ ಕ್ಷೇಮಕ್ಕಾಗಿ ದುಡಿದು ಪ್ರಾರ್ಥಿಸಿ, ಅದರ ಕ್ಷೇಮದಲ್ಲಿಯೇ ನಿಮ್ಮ ಕ್ಷೇಮವಿದೆ ಎಂಬ ಅರ್ಥದ ಮಾತು (ಯೆರೆಮೀಯ 29:4-7). ಇಪ್ಪತ್ತು ವರ್ಷ ಇಲ್ಲಿ ಉಂಡು, ಇಲ್ಲಿನ ನೀರು ಕುಡಿದು, 'ಕನ್ನಡ ಬರುವುದಿಲ್ಲ, ಬೇಕಾಗಿಯೂ ಇಲ್ಲ' ಎನ್ನುವವರು ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕು. ಅಂಗಡಿಯ ನಾಮಫಲಕದಲ್ಲಿ ನೂರಕ್ಕೆ 60ರಷ್ಟು ಕನ್ನಡವಿರಬೇಕೆಂದು 2024ರಲ್ಲಿ ಕಾನೂನು ಬಂತು. ಫಲಕವನ್ನು ಕಾನೂನು ಬರೆಸಬಲ್ಲದು. ನೆರೆಮನೆಯ ಅಜ್ಜಿಯನ್ನು 'ಊಟ ಆಯ್ತಾ ಅಜ್ಜಿ?' ಎಂದು ಕೇಳಿಸುವ ಕಾನೂನು ಯಾವುದೂ ಇಲ್ಲ.

ಮೌನದ ಬೆಲೆ

ನೆರೆಯವರ ಪರಿಚಯವಿಲ್ಲದ ಊರಿನಲ್ಲಿ ಗಾಳಿಮಾತಿಗೆ ಬಲ ಹೆಚ್ಚು. 1991ರ ಡಿಸೆಂಬರಿನಲ್ಲಿ ಕಾವೇರಿ ವಿಷಯವಾಗಿ, 1994ರ ಅಕ್ಟೋಬರಿನಲ್ಲಿ ದೂರದರ್ಶನದ ಉರ್ದು ವಾರ್ತೆಯ ವಿಷಯವಾಗಿ ಈ ನಗರದಲ್ಲಿ ಗಲಭೆಯಾಗಿ ಜೀವಗಳು ಹೋದವು. 2012ರ ಆಗಸ್ಟಿನಲ್ಲಿ ಮೊಬೈಲ್ ಸಂದೇಶಗಳ ಗಾಳಿಸುದ್ದಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಗುವಾಹಟಿಯ ರೈಲು ಹತ್ತಿದರು. 'ನಿಮಗೆ ಏನೂ ಆಗದು, ನಮ್ಮ ಮನೆಗೆ ಬನ್ನಿ' ಎನ್ನುವ ಒಬ್ಬ ನೆರೆಯವರಾದರೂ ಪ್ರತಿಯೊಬ್ಬರಿಗೂ ಇದ್ದಿದ್ದರೆ ಅಷ್ಟು ಮಂದಿ ಓಡುತ್ತಿದ್ದರೇ? 2020ರ ಲಾಕ್‌ಡೌನಿನಲ್ಲಿ ನಮ್ಮ ಕಟ್ಟಡಗಳನ್ನು ಕಟ್ಟಿದ ಕೈಗಳು ಗಂಟುಮೂಟೆ ಹೊತ್ತು ಊರ ದಾರಿ ಹಿಡಿದಾಗ, ಅವರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತಿತ್ತು?

ಕೆಟ್ಟವರು ಮಾಡುವ ಕೆಡುಕಿಗೆ ಒಳ್ಳೆಯವರ ಮೌನವೇ ಗೊಬ್ಬರ. ಇದನ್ನು ಬೇರೆಯವರಿಗೆ ಬರೆಯುತ್ತಿಲ್ಲ. ಮೂರನೆಯ ಬೆಂಚಿನ ಪಕ್ಕದಲ್ಲಿ ಸುಮ್ಮನಿದ್ದವಳು ನಾನು.

ಕುಟುಂಬದಲ್ಲಿ ಆರಂಭಿಸೋಣ

ದೊಡ್ಡ ಯೋಜನೆಗಳು ಬೇಡ. ಮನೆಯಲ್ಲಿ ಮಾಡಬಹುದಾದ ಕೆಲವು ಕೆಲಸಗಳಿವೆ.

ನಮ್ಮ ಬೀದಿಗೆ, ನಮ್ಮ ಕಟ್ಟಡಕ್ಕೆ ಹೊಸ ಕುಟುಂಬ ಬಂದರೆ ಮೊದಲ ವಾರದಲ್ಲಿಯೇ ಹೋಗಿ ಮಾತನಾಡಿಸೋಣ. ಹಾಲಿನವನು ಯಾವಾಗ ಬರುತ್ತಾನೆ, ನೀರು ಯಾವ ದಿನ ಬಿಡುತ್ತಾರೆ, ರಾತ್ರಿ ಮಗುವಿಗೆ ಜ್ವರ ಬಂದರೆ ಎಲ್ಲಿಗೆ ಓಡಬೇಕು ಎಂದು ಹೇಳಿಕೊಡುವುದೂ ಪರೋಪಕಾರವೇ.

ಬಾಡಿಗೆಗೆ ಮನೆ ಕೊಡುವವರು ತಮ್ಮ ಮನಸ್ಸನ್ನು ತಾವೇ ಪರೀಕ್ಷಿಸಿಕೊಳ್ಳಲಿ. ಬಂದವರ ನಡತೆಯನ್ನು ನೋಡುತ್ತೇವೆಯೇ, ಅಥವಾ ಮುಖ, ಭಾಷೆ, ಊಟ ನೋಡಿ 'ಮನೆ ಖಾಲಿಯಿಲ್ಲ' ಎನ್ನುತ್ತೇವೆಯೇ?

ಕಿರು ಕ್ರೈಸ್ತ ಸಮುದಾಯದ ಸಭೆಯಲ್ಲಿ ಹೊಸಬರಿಗೆ ಒಂದು ಕೆಲಸ ಒಪ್ಪಿಸೋಣ: ವಾಚನ, ಹಾಡು, ಹಬ್ಬದ ದಿನ ಬಡಿಸುವುದು. ಅತಿಥಿಯಾಗಿ ಕುಳಿತವರು ಎದ್ದುಹೋಗುತ್ತಾರೆ. ಕೆಲಸ ಹೊತ್ತವರು ಮನೆಯವರಾಗುತ್ತಾರೆ.

ಹೊಸದಾಗಿ ಬಂದ ಕುಟುಂಬಗಳೇ, ದಿನಕ್ಕೆ ಐದು ಕನ್ನಡ ಮಾತು ಕಲಿಯಿರಿ. ನಿಮ್ಮ ಮಕ್ಕಳು ಶಾಲೆಯಲ್ಲಿ ಕಲಿತದ್ದನ್ನು ಅವರಿಂದಲೇ ಹೇಳಿಸಿಕೊಳ್ಳಿರಿ. ತಪ್ಪಾದರೆ ಯಾರೂ ನಗುವುದಿಲ್ಲ, ನಕ್ಕರೂ ಪ್ರೀತಿಯಿಂದ ನಗುತ್ತಾರೆ. ಇಲ್ಲಿನ ಹಳಬರೇ, ಅವರು ತಡವರಿಸುವಾಗ ಬೇಗನೆ ಹಿಂದಿಗೋ ಇಂಗ್ಲಿಷಿಗೋ ಜಾರಿಬಿಡಬೇಡಿ. ಒಂದು ನಿಮಿಷ ಕಾಯಿರಿ. ಭಾಷೆ ಕಲಿಸಲು ಶಾಲೆಗಿಂತ ತಾಳ್ಮೆ ಹೆಚ್ಚು ಬೇಕು.

ಅಂದು ಬಟ್ಟೆ ಕಟ್ಟಿಸಿಕೊಂಡು ಹೊರಡುವಾಗ ಆ ಹುಡುಗನ ಹೆಸರು ಕೇಳಿದೆ. ಮಗಳ ಹಬ್ಬಕ್ಕೆ ಬರಬೇಕೆಂದು ಕರೆದೆ. "ಭಾನುವಾರ ಅಂಗಡಿ ಇರುತ್ತೆ ಮೇಡಂ" ಎಂದ. ಆದರೂ ಬೆಳಗಿನ ಪೂಜೆಗೆ ಬಂದ, ಊರಿನ ಇಬ್ಬರು ಗೆಳೆಯರನ್ನೂ ಕರೆತಂದಿದ್ದ. ಮೂವರೂ ಬಾಗಿಲ ಬಳಿಯೇ ನಿಂತಿದ್ದರು. ನಾನು ಹೋಗಿ ಕರೆತಂದೆ. ಮೂರನೆಯ ಬೆಂಚಿನ ತಾಯಿ ನನ್ನನ್ನೊಮ್ಮೆ, ಅವರನ್ನೊಮ್ಮೆ ನೋಡಿದರು. ಏನೂ ಹೇಳಲಿಲ್ಲ. ಜಪಸರವನ್ನು ಕೈಗೆತ್ತಿಕೊಂಡು, ಚೀಲವನ್ನು ಮಡಿಲಿಗೆ ಎಳೆದುಕೊಂಡು, ಸ್ವಲ್ಪ ಸರಿದು ಕುಳಿತರು.

ಮನೆಯವರೊಡನೆ ಚರ್ಚಿಸಲು:

1. ನಮ್ಮ ಕುಟುಂಬ ಈ ಊರಿಗೆ ಬಂದದ್ದು ಯಾವಾಗ, ಎಲ್ಲಿಂದ? ಮೊದಲ ದಿನಗಳಲ್ಲಿ ನಮಗೆ ನೆರವಾದವರು ಯಾರು? ಹಿರಿಯರಿಂದ ಕೇಳಿ ತಿಳಿಯಿರಿ.

2. ನಮ್ಮ ಧರ್ಮಕೇಂದ್ರಕ್ಕೆ ಕಳೆದ ಒಂದು ವರ್ಷದಲ್ಲಿ ಬಂದವರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು?

3. 'ಇದು ನಮ್ಮ ಜಾಗ' ಎಂದು ನಾವು ಬಾಯಿಬಿಟ್ಟು ಹೇಳದಿದ್ದರೂ ನಡತೆಯಲ್ಲಿ ತೋರಿಸುವುದು ಎಲ್ಲೆಲ್ಲಿ?

4. ಈ ವಾರ ನಾವು ಯಾರಿಗಾಗಿ ಸ್ವಲ್ಪ ಸರಿದು ಕೂರಬಲ್ಲೆವು?